ಶುಗರ್ ಇರುವ ಮನೆಕೆಲಸದವರಿಗೆ ಊಟದ ಡಬ್ಬಿ ಕೊಡೋಣ ಅಂತಿದ್ದೇವೆ, ಹೇಗೆ ಶುರು ಮಾಡೋದು?

ಕುವೆಂಪುನಗರ ಅಡುಗೆಮನೆ:

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಸಣ್ಣ ಮೆಸ್ ಇದೆ. ಕಾಲೇಜು ಹುಡುಗರಿಗೆ, ಒಂಟಿಯಾಗಿರುವ ವಯಸ್ಸಾದವರಿಗೆ ಕ್ಯಾರಿಯರ್ ಕಳಿಸುತ್ತೇವೆ. ನಮ್ಮ ಸುತ್ತಮುತ್ತಲ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರಲ್ಲಿ ಸುಮಾರು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಮಾತ್ರೆ ತಗೊಳ್ಳುತ್ತಾರೆ. ಆದರೂ ಶುಗರ್ 250, 300 ಅಂತಲೇ ಹೇಳುತ್ತಾರೆ. ನಮ್ಮ ಮೆಸ್‌ನಲ್ಲಿ ಪಾತ್ರೆ ತೊಳೆಯುವ ಅಕ್ಕನ ಕಾಲ್ಬೆರಳಿಗೆ ಗಾಯ ಆಗಿ ತಿಂಗಳ ಮೇಲಾಯಿತು, ಇನ್ನೂ ಮಾಗಿಲ್ಲ.

ದಿನಾ ಏನು ತಿನ್ನುತ್ತೀರಿ ಅಂತ ಅವರನ್ನು ಕೂರಿಸಿಕೊಂಡು ಕೇಳಿದೆ. ಬೆಳಿಗ್ಗೆ ಮನೆ ಬಿಡುವ ಮುಂಚೆ ಒಂದು ಲೋಟ ಟೀ, ಅದರ ಜೊತೆ ಮಾತ್ರೆ. ಮೊದಲ ಮನೆಯಲ್ಲಿ ಮತ್ತೆ ಟೀ. ಎರಡನೇ ಮನೆಯಲ್ಲಿ ಟೀ, ಬಿಸ್ಕತ್ತು. ಹನ್ನೊಂದರ ಹೊತ್ತಿಗೆ ಯಾವುದಾದರೂ ಮನೆಯಲ್ಲಿ ನಿನ್ನೆಯ ಚಿತ್ರಾನ್ನವೋ ಉಪ್ಪಿಟ್ಟೋ ಸಿಗುತ್ತದೆ, ಇಲ್ಲದಿದ್ದರೆ ಅದೂ ಇಲ್ಲ. ಮೂರು ಗಂಟೆಗೆ ಮನೆಗೆ ಹೋಗಿ ತಣ್ಣಗಿನ ಅನ್ನ, ತಿಳಿಸಾರು. ರಾತ್ರಿ ಮನೆಮಂದಿಯೆಲ್ಲ ಬಂದ ಮೇಲೆ ಮತ್ತೆ ಅನ್ನ. ಸೊಪ್ಪು, ಕಾಳು ಯಾವಾಗ ಮಾಡ್ತೀರಿ ಅಂದರೆ "ಸಂಬಳ ಬಂದಾಗ" ಅಂದರು.

ನಾವು ನಾಲ್ಕೈದು ಜನ ಗೆಳತಿಯರು ಸೇರಿ ಇಂಥ 20 ಜನಕ್ಕೆ ಆರು ತಿಂಗಳು ಮಧ್ಯಾಹ್ನದ ಡಬ್ಬಿ ಕೊಡೋಣ ಅಂದುಕೊಂಡಿದ್ದೇವೆ. ಒಂದು ಡಬ್ಬಿಗೆ 45 ರೂಪಾಯಿ, ತಿಂಗಳಿಗೆ 25 ದಿನ ಅಂದರೂ 22,500 ಆಗುತ್ತದೆ. ಪಕ್ಕದ ಅಪಾರ್ಟ್‌ಮೆಂಟಿನವರು ಸ್ವಲ್ಪ ಹಾಕುತ್ತಾರೆ. ಗೆಳತಿಯೊಬ್ಬರು ನಿವೃತ್ತ ಟೀಚರ್. ವಾರಕ್ಕೊಮ್ಮೆ ಎಲ್ಲರಿಗೂ ಫೋನ್ ಮಾಡಿ "ಏನು ತಿಂದಿರಿ, ಮಾತ್ರೆ ತಗೊಂಡಿರಾ, ನಡೆದಿರಾ" ಅಂತ ವಿಚಾರಿಸುತ್ತೇನೆ ಅಂದಿದ್ದಾರೆ.

ಅನುಭವ ಇರುವವರು ಹೇಳಿ. ಮಾಡಿದ ಅಡುಗೆ ಕೊಡೋದು ಒಳ್ಳೆಯದೋ, ದಿನಸಿ ಕೊಡೋದೋ? ಅನ್ನ ಪೂರ್ತಿ ಬಿಡಿಸಿ ಮುದ್ದೆ ಕೊಟ್ಟರೆ ಸಾಕಾ? ಫೋನಿನಲ್ಲಿ ಏನು ಕೇಳಬೇಕು? ಇದರಿಂದ ನಿಜವಾಗಲೂ ಶುಗರ್ ಇಳಿಯುತ್ತದಾ?

---

ಮಂಡ್ಯ ಕಡೆ ಕೌನ್ಸೆಲರ್:

ಅಕ್ಕಾ, ಮೊದಲು ಆ ಕಾಲ್ಬೆರಳು. ಡಬ್ಬಿ, ಗಿಬ್ಬಿ ಎಲ್ಲ ಆಮೇಲೆ. ಶುಗರ್ ಇರುವವರ ಕಾಲಿನ ಗಾಯ ತಿಂಗಳಾದರೂ ಮಾಗಿಲ್ಲ ಅಂದರೆ ನಾಳೆಯೇ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೋವಿಲ್ಲ ಅಂತ ಅವರು ಹೇಳಬಹುದು. ನರ ಸತ್ತಿದ್ದರೆ ನೋವೇ ಗೊತ್ತಾಗುವುದಿಲ್ಲ, ಹೆದರಿಕೆ ಇರುವುದೇ ಅಲ್ಲಿ. ದಿನಾ ನೀರಲ್ಲಿ ನಿಂತು ಪಾತ್ರೆ ತೊಳೆಯುವವರು ಬೇರೆ.

ನಾನು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಕೌನ್ಸೆಲರ್. ಬಿಪಿ, ಶುಗರ್ ಇರುವವರ ಜೊತೆ ಕೂತು ಊಟ, ಮಾತ್ರೆ ಬಗ್ಗೆ ಮಾತಾಡುವುದೇ ನನ್ನ ಕೆಲಸ. ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಶುಗರ್ ಅಂದರೆ ಶ್ರೀಮಂತರ ಕಾಯಿಲೆ ಅನ್ನುವವರು ಈಗಲೂ ಇದ್ದಾರೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಮೀಕ್ಷೆ 2017ರಲ್ಲೇ ಹೇಳಿತ್ತು, ಮುಂದುವರಿದ ರಾಜ್ಯಗಳ ನಗರಗಳಲ್ಲಿ ಉಳ್ಳವರಿಗಿಂತ ಬಡವರಲ್ಲೇ ಇದು ಜಾಸ್ತಿ ಅಂತ. ನಮ್ಮ ಕ್ಲಿನಿಕ್‌ನ ಕ್ಯೂ ನೋಡಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ.

ಡಬ್ಬಿ ಕೊಡುವ ಮುಂಚೆ ಒಬ್ಬೊಬ್ಬರ ಮಾತ್ರೆ ಸ್ಟ್ರಿಪ್ ತರಿಸಿ ನೋಡಿ. ಬರೀ ಮೆಟ್‌ಫಾರ್ಮಿನ್ ಇದ್ದರೆ ಅಷ್ಟು ಭಯವಿಲ್ಲ, ಅದರಿಂದ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ಇದ್ದರೆ ಹುಷಾರು. ಅವು ಊಟ ಮಾಡಿದ್ದೀರೋ ಇಲ್ಲವೋ ನೋಡುವುದಿಲ್ಲ, ಶುಗರ್ ಇಳಿಸುತ್ತಲೇ ಇರುತ್ತವೆ. ನಿಮ್ಮ ಅಕ್ಕ ಬೆಳಿಗ್ಗೆ ಟೀ ಜೊತೆ ತಗೊಳ್ಳುವ ಮಾತ್ರೆ ಇದೇ ಆಗಿದ್ದರೆ, ಹನ್ನೊಂದರವರೆಗೆ ಅವರನ್ನು ಕಾಯುತ್ತಿರುವುದು ಆ ಸಕ್ಕರೆ ಟೀಯೇ. ಅದನ್ನು ಬಿಡಿಸಿ ಬೇರೇನೂ ಕೊಡದಿದ್ದರೆ ಪಾತ್ರೆ ತೊಳೆಯುತ್ತಲೇ ತಲೆ ಸುತ್ತಿ ಬೀಳುತ್ತಾರೆ.

ನಮ್ಮಲ್ಲಿ ಕಬ್ಬು ಕಡಿಯಲು ಹೋಗುವ ಒಬ್ಬರಿಗೆ ಹೀಗೇ ಆಗಿತ್ತು. ಬೆವರು, ಕೈ ನಡುಕ, ಮಾತು ತೊದಲುತ್ತಿತ್ತು. ಜೊತೆಗಿದ್ದವರು ಬಿಪಿ ಅಂದುಕೊಂಡು ಗಾಳಿ ಬೀಸುತ್ತಾ ಕರೆತಂದರು. ಮೀಟರ್‌ನಲ್ಲಿ 54. ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕಲಸಿ ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಕೊಟ್ಟೆವು. ನಿಮ್ಮ ಟೀಚರ್ ಎಲ್ಲಕ್ಕಿಂತ ಮೊದಲು ಕಲಿಸಬೇಕಾದ್ದು ಇದನ್ನೇ. 70ಕ್ಕಿಂತ ಕೆಳಗೆ ಬಂದರೆ ಹೇಗೆ ಅನ್ನಿಸುತ್ತದೆ, ಆಗ ಏನು ಮಾಡಬೇಕು ಅನ್ನುವುದು ಮನೆಯಲ್ಲಿರುವ ಮಕ್ಕಳಿಗೂ ಗೊತ್ತಿರಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ನಿಮ್ಮ ಡಬ್ಬಿಯಿಂದ ಅನ್ನ ಕಮ್ಮಿಯಾಯಿತು ಅಂದರೆ ಮಾತ್ರೆಯ ಪ್ರಮಾಣವೂ ಬದಲಾಗಬೇಕಾಗಬಹುದು. ಆದ್ದರಿಂದ ಶುರು ಮಾಡುವ ಮುಂಚೆ ನಿಮ್ಮ ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್" ಅಥವಾ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್ ಜೊತೆ ಕೂತು ಮಾತಾಡಿ.

ಇನ್ನು ಮುದ್ದೆ. ನಾನು ಮುದ್ದೆ ತಿಂದೇ ಬೆಳೆದವಳು, ಅದರ ಮೇಲೆ ಪ್ರೀತಿ ಇದೆ. ಆದರೆ ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್‌ಗೆ ದೊಡ್ಡ ಲಾಭವೇನಿಲ್ಲ. ರಾಗಿ ಗಂಜಿಯಂತೂ ಬೇಗನೆ ಏರಿಸುತ್ತದೆ. ಶುಗರ್ ಇದೆ ಅಂತಲೇ ಬೆಳಿಗ್ಗೆ ದೊಡ್ಡ ಲೋಟ ಗಂಜಿ ಕುಡಿದು ಬರುವವರು ನನಗೆ ದಿನಾ ಸಿಗುತ್ತಾರೆ. 2025ರಲ್ಲಿ ಐಸಿಎಂಆರ್‌ನವರ ಇನ್ನೊಂದು ಅಧ್ಯಯನ ಬಂತು. ನಮ್ಮ ಜನರಿಗೆ ಸಿಗುವ ಶಕ್ತಿಯಲ್ಲಿ ಶೇ 62ರಷ್ಟು ಬರೀ ಪಿಷ್ಟ, ಸಕ್ಕರೆಯಿಂದಲೇ. ಬಿಳಿ ಅಕ್ಕಿ ಬದಲು ಗೋಧಿ, ಸಿರಿಧಾನ್ಯದ ಹಿಟ್ಟು ತಿಂದರೂ ಒಟ್ಟು ಪ್ರಮಾಣ ಇಳಿಯದಿದ್ದರೆ ಶುಗರ್ ಬರುವ ಸಾಧ್ಯತೆ ಕಮ್ಮಿ ಕಾಣಲಿಲ್ಲ. ಸ್ವಲ್ಪ ಪಿಷ್ಟ ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಬಂದವರಲ್ಲಿ ಕಮ್ಮಿ ಇತ್ತು. ಅದು ಕಾಯಿಲೆ ಬರುವುದರ ಲೆಕ್ಕ, ಬಂದವರ ಲೆಕ್ಕ ಅಲ್ಲ. ಆದರೂ ತಟ್ಟೆಗೆ ಅದೇ ದಾರಿ.

ಹಾಗಾಗಿ ಮುದ್ದೆಯೋ ಅನ್ನವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾವುದಾದರೂ ಒಂದು, ಕಿತ್ತಳೆ ಹಣ್ಣಿನ ಗಾತ್ರ. ಅದರ ಜೊತೆ ಡಬ್ಬಿ ತುಂಬ ಬಸ್ಸಾರಿನ ಪಲ್ಯ. ಅಲಸಂದೆ, ಹೆಸರುಕಾಳು, ಹುರುಳಿಕಾಳು, ದಂಟು, ಹರಿವೆ, ಕೀರೆ, ನುಗ್ಗೆಸೊಪ್ಪು. ತಿನ್ನುವವರಿಗೆ ಒಂದು ಬೇಯಿಸಿದ ಮೊಟ್ಟೆ, ತಿನ್ನದವರಿಗೆ ಮೊಸರು. ಇದು ಹೊಸ ಡಯಟ್ ಅಲ್ಲ, ನಮ್ಮ ಅಜ್ಜಿಯರ ಊಟವೇ. ತಿನ್ನುವವರು ಮುಖ ಸಿಂಡರಿಸುವುದಿಲ್ಲ.

ಅಡುಗೆಯೋ ದಿನಸಿಯೋ ಅಂದರೆ, ನಾನು ಎರಡೂ ಅನ್ನುತ್ತೇನೆ. ಆದರೆ ದಿನ ನೋಡಿ ಕೊಡಿ. "ಸಂಬಳ ಬಂದಾಗ" ಅಂದರಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತಿಂಗಳ ಮೊದಲ ವಾರ ಸಂಬಳ. ಇಪ್ಪತ್ತನೇ ತಾರೀಕು ದಾಟಿತು ಅಂದರೆ ಕೈ ಖಾಲಿ. ರೇಷನ್ ಅಕ್ಕಿ ಇರುವುದರಿಂದ ಹೊಟ್ಟೆಗೆ ಅನ್ನ ತಪ್ಪುವುದಿಲ್ಲ. ತಪ್ಪುವುದು ಬೇಳೆ, ಸೊಪ್ಪು, ಮೊಟ್ಟೆ. ಅಂದರೆ ಶುಗರ್ ಹಿಡಿತದಲ್ಲಿಡುವುದು ಯಾವುದೋ ಅದೇ ಮೊದಲು ಹೋಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆ ದಾಖಲೆಗಳನ್ನು ನೋಡಿ 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಡಿಮೆ ಆದಾಯದ ಜನ ಶುಗರ್ ತೀರಾ ಇಳಿದು ಆಸ್ಪತ್ರೆ ಸೇರುವುದು ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇ 27ರಷ್ಟು ಜಾಸ್ತಿ ಇತ್ತು. ಉಳ್ಳವರಲ್ಲಿ ಈ ಏರಿಳಿತ ಇರಲಿಲ್ಲ. ದುಡ್ಡು ಮುಗಿಯುತ್ತದೆ, ಊಟ ಬಿಡುತ್ತಾರೆ, ಮಾತ್ರೆ ಮಾತ್ರ ತಪ್ಪದೆ ನುಂಗುತ್ತಾರೆ. ನಮ್ಮಲ್ಲೂ ನಡೆಯುವುದು ಇದೇ. ನಿಮ್ಮ ದುಡ್ಡು ಸಾಲದಿದ್ದರೆ ತಿಂಗಳಿಡೀ ಡಬ್ಬಿ ಕೊಡುವ ಬದಲು ಕೊನೆಯ ಹತ್ತು ಹನ್ನೆರಡು ದಿನಕ್ಕೆ ಕಾಳು, ಬೇಳೆ, ಮೊಟ್ಟೆಯ ಕಿಟ್ ಮನೆಗೆ ಮುಟ್ಟಿಸಿ. ಮನೆಮಂದಿಗೆಲ್ಲ ಆಗುವಷ್ಟು ಕೊಡಿ. ಒಬ್ಬರಿಗೆ ಅಂತ ಕೊಟ್ಟದ್ದು ಮೊಮ್ಮಗನ ತಟ್ಟೆಗೇ ಹೋಗುತ್ತದೆ, ಯಾವ ಅಜ್ಜಿಯಾದರೂ ಅಷ್ಟೇ.

ಕೊನೆಗೊಂದು, ಸ್ವಲ್ಪ ಖಾರವಾಗಿ ಅನ್ನಿಸಿದರೂ ಹೇಳಿಬಿಡುತ್ತೇನೆ. ಟೀಚರ್ ಫೋನ್ ಮಾಡಬೇಕಾದ್ದು ಬರೀ ಕೆಲಸದವರಿಗಲ್ಲ, ಅವರು ಕೆಲಸ ಮಾಡುವ ಮನೆಗಳಿಗೂ. ದಿನಕ್ಕೆ ಮೂರ್ನಾಲ್ಕು ಲೋಟ ಸಕ್ಕರೆ ಟೀ ಕೊಡುತ್ತಿರುವುದು ಆ ಮನೆಗಳೇ. ಕೊಟ್ಟಿದ್ದನ್ನು ಬೇಡ ಅನ್ನಲು ಇವರಿಗೆ ಬಾಯಿ ಬರುವುದಿಲ್ಲ. ಮನೆಯವರೇ ಸಕ್ಕರೆ ಹಾಕದ ಟೀ ಕೊಟ್ಟು, ಒಂಬತ್ತು ಗಂಟೆಗೆ ತಾವು ತಿನ್ನುವ ತಿಂಡಿಯಲ್ಲೇ ಒಂದು ಪಾಲು ಬಿಸಿಯಾಗಿ ಕೊಟ್ಟರೆ ನಿಮ್ಮ ಅರ್ಧ ಕೆಲಸ ಆದ ಹಾಗೆ. ಅದಕ್ಕೆ 22,500 ಬೇಡ. ವಾರಕ್ಕೊಂದು ಹಗಲು ರಜೆ ಕೊಟ್ಟರೆ ಆಸ್ಪತ್ರೆಗೂ ಬರುತ್ತಾರೆ. ಸಂಬಳ ಕಟ್ ಆಗುತ್ತದೆ ಅಂತಲೇ ಎಷ್ಟೋ ಜನ ಮಾತ್ರೆ ಮುಗಿದರೂ ಬರುವುದಿಲ್ಲ.

---

ಹಾಸನದಿಂದ ಪೆನ್ಸಿಲ್ವೇನಿಯಾಗೆ:

ಕೌನ್ಸೆಲರ್ ಮೇಡಂ ಹೇಳಿದ್ದರಲ್ಲಿ ಸೇರಿಸಲು ಜಾಸ್ತಿ ಇಲ್ಲ. "ನಿಜವಾಗಲೂ ಶುಗರ್ ಇಳಿಯುತ್ತದಾ" ಅಂತ ಕೇಳಿದ್ದೀರಲ್ಲ, ಅದಕ್ಕೆ ಮಾತ್ರ ಬರೆಯುತ್ತೇನೆ.

ನಾನಿರುವ ರಾಜ್ಯದಲ್ಲಿ ಶಮೋಕಿನ್ ಅಂತ ಒಂದು ಊರಿದೆ. ಹಿಂದೆ ಕಲ್ಲಿದ್ದಲು ಗಣಿಯಿಂದ ಬದುಕಿದ್ದ ಊರು, ಗಣಿ ಹೋದ ಮೇಲೆ ಬಡತನ. ಅಲ್ಲಿ ಗೈಸಿಂಗರ್ ಆಸ್ಪತ್ರೆಯವರು 2016ರಲ್ಲಿ "ಫ್ರೆಶ್ ಫುಡ್ ಫಾರ್ಮಸಿ" ಶುರು ಮಾಡಿದರು. ಶುಗರ್ ಹಿಡಿತದಲ್ಲಿಲ್ಲದ, ಊಟಕ್ಕೂ ತೊಂದರೆ ಇರುವ ಜನರಿಗೆ ಡಾಕ್ಟರ್ ಚೀಟಿ ಬರೆಯುತ್ತಾರೆ. ಆ ಚೀಟಿಗೆ ತರಕಾರಿ, ಹಣ್ಣು, ಕಾಳು, ಮೀನು ಸಿಗುತ್ತದೆ, ಮನೆಯವರಿಗೆಲ್ಲ ಆಗುವಷ್ಟು. ಜೊತೆಗೆ ಡಯಟೀಷಿಯನ್, ನರ್ಸ್, ಅಡುಗೆ ಪಾಠ. ಶುರುವಿನಲ್ಲಿ ಸೇರಿದವರ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಚೆನ್ನಾಗಿಯೇ ಇಳಿಯಿತು. ಅದನ್ನು ಕೇಳಿ ದೇಶದ ತುಂಬ ಜನ ಇಂಥದ್ದನ್ನು ಶುರು ಮಾಡಿದರು.

ಆದರೆ 2023ರ ಡಿಸೆಂಬರ್‌ನಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಇದೂ ಅಮೆರಿಕದ ಪೂರ್ವ ಭಾಗದ್ದೇ. ಎಚ್‌ಬಿಎ1ಸಿ 8 ಅಥವಾ ಮೇಲಿದ್ದ, ಊಟಕ್ಕೆ ಕಷ್ಟ ಇದ್ದ 500 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು, ಕೊನೆಯವರೆಗೆ ಉಳಿದವರು 465. ಒಂದು ಗುಂಪಿಗೆ ವಾರಕ್ಕೆ ಹತ್ತು ಊಟದಷ್ಟು ಸಾಮಾನು, ಮನೆಮಂದಿಗೆಲ್ಲ ಸೇರಿಸಿ. ಜೊತೆಗೆ ಡಯಟೀಷಿಯನ್ ಭೇಟಿ, ಕೋಚಿಂಗ್. ಇನ್ನೊಂದು ಗುಂಪಿಗೆ ಆರು ತಿಂಗಳು ಮಾಮೂಲಿ ಚಿಕಿತ್ಸೆ ಮಾತ್ರ. ಆರು ತಿಂಗಳಾದ ಮೇಲೆ ಸಾಮಾನು ಸಿಕ್ಕವರಲ್ಲಿ ಎಚ್‌ಬಿಎ1ಸಿ 1.5ರಷ್ಟು ಇಳಿದಿತ್ತು. ಸಿಗದವರಲ್ಲೂ 1.3ರಷ್ಟು ಇಳಿದಿತ್ತು. ಲೆಕ್ಕದ ಪ್ರಕಾರ ಎರಡಕ್ಕೂ ವ್ಯತ್ಯಾಸ ಇಲ್ಲ.

ಯಾಕೆ ಹೀಗೆ? ಜನ ಇಂಥ ಕಾರ್ಯಕ್ರಮಕ್ಕೆ ಸೇರುವುದೇ ಶುಗರ್ ತೀರಾ ಏರಿದಾಗ. ಏರಿದ್ದು ಹೇಗಿದ್ದರೂ ಒಂದಿಷ್ಟು ಇಳಿಯುತ್ತದೆ. ಡಾಕ್ಟರ್ ಮಾತ್ರೆ ಜಾಸ್ತಿ ಮಾಡಿರುತ್ತಾರೆ, ಮನೆಯವರು ಗಾಬರಿಯಾಗಿರುತ್ತಾರೆ. ನಿಮ್ಮ 20 ಜನರಲ್ಲೂ ಇಳಿಯುತ್ತದೆ. ಅದು ಡಬ್ಬಿಯಿಂದಲೇ ಇಳಿಯಿತು ಅಂತ ದಾನಿಗಳಿಗೆ ಹೇಳಬೇಡಿ. ನಾಳೆ ಇಳಿಯದಿದ್ದಾಗ ಅದೇ ಮಾತಿನಿಂದ ದುಡ್ಡು ನಿಲ್ಲುತ್ತದೆ.

ನಾನು ಇದನ್ನು ಬೇಡ ಅನ್ನಲು ಬರೆಯುತ್ತಿಲ್ಲ. ಹಸಿದವರಿಗೆ ಒಳ್ಳೆಯ ಊಟ ಸಿಗುವುದಕ್ಕೆ ಎಚ್‌ಬಿಎ1ಸಿ ಕಾರಣ ಬೇಕಿಲ್ಲ. ಇಲ್ಲಿಯ ಸಾಮಾನು ಸಿಗದ ಗುಂಪಿಗೂ ಡಾಕ್ಟರ್, ಮಾತ್ರೆ ಇತ್ತು ಅನ್ನುವುದನ್ನೂ ಮರೆಯಬೇಡಿ. ನಿಮ್ಮವರಲ್ಲಿ ಆಸ್ಪತ್ರೆಗೇ ಹೋಗದೆ ಇರುವವರಿದ್ದರೆ, ನಿಮ್ಮ ಡಬ್ಬಿ ಅವರನ್ನು ಅಲ್ಲಿಗೆ ಮುಟ್ಟಿಸಿದರೆ ಅದೇ ದೊಡ್ಡದು. ಮೊದಲ ದಿನದ ಎಚ್‌ಬಿಎ1ಸಿ ಬರೆದಿಡಿ, ಮೂರು ತಿಂಗಳಿಗೊಮ್ಮೆ ಸಾಕು, ಅದಕ್ಕಿಂತ ಬೇಗ ಮಾಡಿಸಿದರೆ ಅರ್ಥವಿಲ್ಲ. ಮಧ್ಯದಲ್ಲಿ ಯಾರು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದನ್ನು ತಪ್ಪದೆ ಬರೆದಿಡಿ. ನಾನು ಇಲ್ಲಿ ಫುಡ್ ಪ್ಯಾಂಟ್ರಿಯಲ್ಲಿ ಶನಿವಾರ ಪೊಟ್ಟಣ ಕಟ್ಟಲು ಹೋಗುತ್ತೇನೆ. ಬರದೇ ಹೋದವರ ಕಾರಣ ಹೆಚ್ಚಾಗಿ ಊಟ ಅಲ್ಲ, ಬಸ್ಸು, ಡ್ಯೂಟಿ ಟೈಮು.

---

ನಂಜನಗೂಡು ಲೋಕಲ್:

ನಮ್ಮಮ್ಮ ಮನೆಕೆಲಸ ಮಾಡಿಯೇ ನಮ್ಮನ್ನು ಓದಿಸಿದ್ದು. ಅವರಿಗೂ ಶುಗರ್. ನಾನು ಡಾಕ್ಟರೂ ಅಲ್ಲ, ಏನೂ ಅಲ್ಲ. ಮನೆಯಲ್ಲಿ ಕಂಡದ್ದು ಹೇಳುತ್ತೇನೆ.

ಡಬ್ಬಿ ಮೇಲೆ "ಶುಗರ್ ಪೇಷಂಟ್" ಅಂತ ಚೀಟಿ ಅಂಟಿಸಬೇಡಿ. ಶುಗರ್ ಇದೆ ಅಂತ ಗೊತ್ತಾದರೆ ಕೈಲಾಗಲ್ಲ ಅಂದುಕೊಂಡು ಕೆಲಸದಿಂದ ಬಿಡಿಸುತ್ತಾರೆ ಅನ್ನುವ ಭಯ ಅಮ್ಮನಿಗೆ ಯಾವಾಗಲೂ ಇತ್ತು. ಹಾಗಾಗಿ ಮನೆಗಳಿಗೆ ಫೋನ್ ಮಾಡುವ ಮುಂಚೆ ಅವರನ್ನೇ ಕೇಳಿ, ಯಾವ ಮನೆಗೆ ಹೇಳಬಹುದು, ಯಾವುದಕ್ಕೆ ಬೇಡ ಅಂತ. ಡಬ್ಬಿ ಕೊಡುವಾಗ ಫೋಟೋ ತೆಗೆದು ಗ್ರೂಪಿಗೆ ಹಾಕುವುದೂ ಬೇಡ. ದಾನಿಗಳಿಗೆ ಲೆಕ್ಕ ಕೊಡಿ, ಮುಖ ಬೇಡ.

ಆಮೇಲೆ ಹಲ್ಲು. ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಅಮ್ಮನಿಗೆ ಒಂದು ಕಡೆ ದವಡೆ ಹಲ್ಲೇ ಇಲ್ಲ. ಒಬ್ಬರು ತುಂಬ ಪ್ರೀತಿಯಿಂದ ಮೊಳಕೆಕಾಳು, ಸೌತೆಕಾಯಿ, ಕ್ಯಾರೆಟ್ ಹೋಳು ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಅಮ್ಮ "ಚೆನ್ನಾಗಿತ್ತು ಕಣಮ್ಮ" ಅಂತ ಹೇಳಿ ಡಬ್ಬಿ ತೊಳೆದು ವಾಪಸ್ ಕೊಡುತ್ತಿದ್ದರು. ಅದೆಲ್ಲ ತಿನ್ನುತ್ತಿದ್ದುದು ನಾನು, ನನ್ನ ತಂಗಿ. ಅದನ್ನೇ ಬೇಯಿಸಿ ಒಗ್ಗರಣೆ ಹಾಕಿ ಕೊಟ್ಟಿದ್ದರೆ ಅಮ್ಮ ತಿನ್ನುತ್ತಿದ್ದರು. ಕೇಳಿದರೆ ಹೇಳುವುದಿಲ್ಲ, ಕೊಟ್ಟವರ ಮನಸ್ಸು ನೋಯಿಸಬಾರದು ಅಂತ. ಅದಕ್ಕೇ "ಚೆನ್ನಾಗಿತ್ತಾ" ಅಂತ ಕೇಳಬೇಡಿ ಟೀಚರ್. "ಯಾವುದನ್ನು ಅಗಿಯಲು ಆಗಲಿಲ್ಲ, ಯಾವುದು ಮನೆಯಲ್ಲಿ ಬೇರೆಯವರಿಗೆ ಇಷ್ಟವಾಯಿತು" ಅಂತ ಕೇಳಿ. ಆಗ ನಿಜ ಬರುತ್ತದೆ.

ಫೋನ್ ಸಂಜೆ ಏಳರ ಮೇಲೆ ಮಾಡಿ. ಹಗಲು ಮಾಡಿದರೆ ಕೈ ಒದ್ದೆ ಇರುತ್ತದೆ, ಪಕ್ಕದಲ್ಲಿ ಮನೆಯವರು ಇರುತ್ತಾರೆ, ಏನೂ ಮಾತಾಡಲು ಆಗುವುದಿಲ್ಲ. ನಡೆದಿರಾ ಅಂತ ಮಾತ್ರ ದಯವಿಟ್ಟು ಕೇಳಬೇಡಿ. ನಾಲ್ಕು ಮನೆ ಗುಡಿಸಿ, ಒರೆಸಿ, ಮೆಟ್ಟಿಲು ಹತ್ತಿ ಇಳಿದು ಬಂದವರಿಗೆ ವಾಕಿಂಗ್ ಹೇಳಿದರೆ ಬೇಜಾರಾಗುತ್ತದೆ.

---

ಕುವೆಂಪುನಗರ ಅಡುಗೆಮನೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪಾತ್ರೆ ಅಕ್ಕನನ್ನು ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಗಾಯ ಕ್ಲೀನ್ ಮಾಡಿ ಡ್ರೆಸ್ಸಿಂಗ್ ಮಾಡಿದ್ದಾರೆ, ಮೂಳೆಗೆ ಹೋಗಿಲ್ಲ ಅಂದರು. ಕಾಲು ನೀರಿಗೆ ತಾಗಬಾರದು ಅಂದಿದ್ದಾರೆ. ಹಾಗಾಗಿ ಮೆಸ್‌ನಲ್ಲಿ ಈಗ ಅವರಿಗೆ ಕೂತು ಸೊಪ್ಪು ಬಿಡಿಸುವ, ತರಕಾರಿ ಹೆಚ್ಚುವ ಕೆಲಸ ಕೊಟ್ಟಿದ್ದೇವೆ. ಸಂಬಳ ಅಷ್ಟೇ.

ಲೆಕ್ಕ ಮತ್ತೆ ಹಾಕಿದೆವು. 1ರಿಂದ 20ರವರೆಗೆ ಬೆಳಿಗ್ಗೆ ಒಂಬತ್ತಕ್ಕೆ ಮೆಸ್‌ನಲ್ಲೇ ತಿಂಡಿ, ಬಂದು ಕೂತು ತಿಂದು ಹೋಗಲಿ. ಮನೆಗಳಿಗೆ ಹೋಗುವ ದಾರಿಯಲ್ಲೇ ಇದೆ. 20ರ ಮೇಲೆ ತಿಂಡಿಯ ಜೊತೆ ಮನೆಗೆ ಕಾಳು, ಮೊಟ್ಟೆ ಕಿಟ್. ಮಾತ್ರೆ ಸ್ಟ್ರಿಪ್ ತರಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನ ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದಾರೆ. ಕೌನ್ಸೆಲರ್ ಮೇಡಂ, ಒಂದು ಪ್ರಶ್ನೆ. ಇವರಲ್ಲಿ ಸುಮಾರು ಜನ ಶನಿವಾರ ಒಪ್ಪತ್ತು ಮಾಡುತ್ತಾರೆ. ರಾತ್ರಿವರೆಗೆ ಬರೀ ಟೀ. ಬೇಡ ಅಂದರೆ ಕೇಳುವುದಿಲ್ಲ, ಹರಕೆ ಅನ್ನುತ್ತಾರೆ. ಏನು ಮಾಡೋದು?

---

ಮಂಡ್ಯ ಕಡೆ ಕೌನ್ಸೆಲರ್:

ಕಾಲಿನ ಸುದ್ದಿ ಕೇಳಿ ಸಮಾಧಾನ ಆಯಿತು. ಇನ್ನೊಂದು ಕಾಲನ್ನೂ ದಿನಾ ನೋಡಿಕೊಳ್ಳಲು ಹೇಳಿ, ಬೆರಳ ಸಂದಿಯೂ ಸೇರಿಸಿ. ಬಗ್ಗಲು ಆಗದಿದ್ದರೆ ಮಕ್ಕಳು ನೋಡಲಿ.

ಒಪ್ಪತ್ತು ಬಿಡಿ ಅಂತ ನಾನೂ ಹೇಳುವುದಿಲ್ಲ. ಹೇಳಿದರೆ ಒಪ್ಪತ್ತು ಮಾಡುವುದನ್ನು ಬಿಡುವುದಿಲ್ಲ, ನನಗೆ ಹೇಳುವುದನ್ನು ಬಿಡುತ್ತಾರೆ. ಬದಲಿಗೆ "ಒಪ್ಪತ್ತಿನಲ್ಲಿ ಏನೇನು ನಡೆಯುತ್ತದೆ" ಅಂತ ಕೇಳಿ. ಹಾಲು, ಮಜ್ಜಿಗೆ, ಕಡಲೆಕಾಯಿ, ಹೆಸರುಬೇಳೆ ಕೋಸಂಬರಿ ಹೆಚ್ಚಿನವರಿಗೆ ನಡೆಯುತ್ತದೆ. ಕೆಲವರು ಊಟವನ್ನು ರಾತ್ರಿಯ ಬದಲು ಮಧ್ಯಾಹ್ನಕ್ಕೆ ತರಲು ಒಪ್ಪುತ್ತಾರೆ, ಒಂದೇ ಹೊತ್ತು ತಾನೇ. ಶನಿವಾರ ನಿಮ್ಮ ಮೆಸ್‌ನಲ್ಲಿ ತಿಂಡಿ ಬದಲು ಅದನ್ನೇ ಇಡಿ.

ಗ್ಲಿಮೆಪಿರೈಡ್ ಮಾತ್ರ ಸುಮ್ನೆ ಬಿಡುವ ವಿಷಯ ಅಲ್ಲ. ಬೆಳಿಗ್ಗೆ ತಿನ್ನದೆ ಅದನ್ನು ನುಂಗಬಾರದು. ಹಾಗಂತ ತಾವೇ ನಿಲ್ಲಿಸುವುದು, ಅರ್ಧ ಮಾಡುವುದೂ ಬೇಡ. ಒಪ್ಪತ್ತು ಮಾಡುವವರ ಹೆಸರಿನ ಪಟ್ಟಿ ಮಾಡಿ, ಶುಕ್ರವಾರದೊಳಗೆ ಅವರ ಚೀಟಿಗಳನ್ನು ಡಾಕ್ಟರ್‌ಗೆ ತೋರಿಸಿ, ಶನಿವಾರ ಯಾವ ಮಾತ್ರೆ ಎಷ್ಟು ಹೊತ್ತಿಗೆ ಅಂತ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಓದಲು ಬಾರದವರಿಗೆ ಟೀಚರ್ ಶುಕ್ರವಾರ ಸಂಜೆ ಫೋನಿನಲ್ಲಿ ಅದನ್ನೇ ಓದಿ ಹೇಳಲಿ. ಇನ್ಸುಲಿನ್ ಇರುವವರು ಯಾರಾದರೂ ಇದ್ದರೆ ಅವರನ್ನು ಪಟ್ಟಿಯಲ್ಲಿ ಕಾಯಿಸಬೇಡಿ, ನಾಳೆಯೇ ಕರೆದುಕೊಂಡು ಹೋಗಿ.